ಚಾವಣಿಯ ಮೇಲೆ ನಾಲ್ವರು, ದಾಖಲೆಯಲ್ಲಿ ಸೊನ್ನೆ

ಊರಿನಲ್ಲಿ ಮೇಸ್ತ್ರಿಯ ಕೈಗೆ ಮುಂಗಡ ಕೊಟ್ಟರೆ ಆಳುಗಳ ಯೋಗಕ್ಷೇಮ ಅವನ ಪಾಲಿಗೆ ಎಂದು ನಂಬಿ ಬೆಳೆದವರು ನಾವು. ಕ್ಯಾಲಿಫೋರ್ನಿಯಾದಲ್ಲಿ ಮನೆ ಕೊಂಡವರಿಗೆ ಈ ನಂಬಿಕೆ ದುಬಾರಿ. ಇಲ್ಲಿ ಒಬ್ಬನೇ ಕೆಲಸಗಾರನಿದ್ದರೂ ಕೆಲಸ ಕೊಡುವ ಮಾಲೀಕ ವರ್ಕರ್ಸ್ ಕಾಂಪೆನ್ಸೇಷನ್ ವಿಮೆ, ಅಂದರೆ ಕೆಲಸದಲ್ಲಿ ಗಾಯಗೊಂಡವರಿಗೆ ಪರಿಹಾರ ಕೊಡುವ ವಿಮೆ, ಮಾಡಿಸಲೇಬೇಕು. ಲೈಸೆನ್ಸೂ ವಿಮೆಯೂ ಇಲ್ಲದ ಗುತ್ತಿಗೆದಾರನ ಆಳು ಚಾವಣಿಯಿಂದ ಬಿದ್ದರೆ, ಕಾನೂನು ಮನೆಯವರನ್ನೇ ಅವನ ಮಾಲೀಕರೆಂದು ಎಣಿಸಬಹುದು.

ಗುತ್ತಿಗೆದಾರ ತೋರಿಸುವ ವಿಮೆಯ ಪ್ರಮಾಣಪತ್ರವೊಂದನ್ನೇ ನೆಚ್ಚಬೇಡಿ. ಅದು ಕೊಟ್ಟ ದಿನದ ಮಟ್ಟಿಗೆ ನಿಜ. ಕಂತು ಕಟ್ಟದೆ ಪಾಲಿಸಿ ರದ್ದಾದರೂ ಕಾಗದ ಹಾಗೆಯೇ ಉಳಿಯುತ್ತದೆ. ಲೈಸೆನ್ಸ್ ಸಂಖ್ಯೆ ಕೇಳಿ ಪಡೆದು ಕಾಂಟ್ರಾಕ್ಟರ್ಸ್ ಸ್ಟೇಟ್ ಲೈಸೆನ್ಸ್ ಬೋರ್ಡ್‌ನ ಜಾಲತಾಣದಲ್ಲಿ ಹುಡುಕಿ. ವಿಮಾ ಕಂಪನಿಯ ಹೆಸರು, ಪಾಲಿಸಿ ಸಂಖ್ಯೆ, ಅವಧಿ ಎಲ್ಲವೂ ಅಲ್ಲಿರುತ್ತವೆ. ಅದೇ ಪುಟದಲ್ಲಿರುವ 25,000 ಡಾಲರ್ ಬಾಂಡ್ (ಗುತ್ತಿಗೆದಾರ ನಿಯಮ ಮುರಿದರೆ ನಷ್ಟ ತುಂಬುವ ಖಾತರಿ) ನೋಡಿ ಸಮಾಧಾನಪಡಬೇಡಿ. ಗಾಯಗೊಂಡವನ ಆಸ್ಪತ್ರೆ ಖರ್ಚಿಗೂ ಅದಕ್ಕೂ ಸಂಬಂಧವಿಲ್ಲ.

ಅನೇಕರು ಎಡವುವುದು ಆ ಪುಟದಲ್ಲಿ ವಿಮೆಯ ವಿವರದ ಬದಲು ಕಾಣುವ ‘ಎಕ್ಸೆಂಪ್ಟ್’ (ವಿನಾಯಿತಿ) ಎಂಬ ಪದದಲ್ಲಿ. ಸರ್ಕಾರ ಪರಿಶೀಲಿಸಿ ವಿನಾಯಿತಿ ಕೊಟ್ಟಿದೆ ಎಂದು ಅದರ ಅರ್ಥವಲ್ಲ. ತನ್ನಲ್ಲಿ ಕೆಲಸಗಾರರಿಲ್ಲ ಎಂದು ಗುತ್ತಿಗೆದಾರನೇ ಬರೆದುಕೊಟ್ಟಿದ್ದಾನೆ, ಅಷ್ಟೆ. ನಮ್ಮ ಮನೆಗೆ ಬಣ್ಣ ಬಳಿಯಲು ಬಂದವನ ದಾಖಲೆಯಲ್ಲೂ ಹೀಗೆಯೇ ಇತ್ತು. ಬೆಳಗ್ಗೆ ನೋಡಿದರೆ ಏಣಿಗಳ ಜೊತೆ ನಾಲ್ವರು! ಕೇಳಿದರೆ ಎಲ್ಲರೂ ‘ನೆಂಟರು’ ಎಂದ. ನೆಂಟರಿಗೆ ಕಾಫಿ ಕೊಟ್ಟು ಕಳುಹಿಸಿದೆವು. ಚಾವಣಿ, ಕಾಂಕ್ರೀಟ್, ಹವಾನಿಯಂತ್ರಣ, ಕಲ್ನಾರು ತೆಗೆಯುವ ಕೆಲಸ, ಮರ ಕಡಿಯುವುದು ಇವುಗಳ ಲೈಸೆನ್ಸ್ ಇದ್ದವರಿಗೆ ಆಳುಗಳಿಲ್ಲದಿದ್ದರೂ ಈ ವಿನಾಯಿತಿ ಸಿಗದು.

ಹೋಟೆಲ್, ಕೇಟರಿಂಗ್, ಮನೆ ಶುಚಿಗೊಳಿಸುವ ಕಂಪನಿಗಳಿಗೆ ಬೇರೆ ದಾರಿ: ಈ ವಿಮೆಯ ದಾಖಲೆಗಳನ್ನಿಡುವ ವರ್ಕರ್ಸ್ ಕಾಂಪೆನ್ಸೇಷನ್ ಇನ್ಶೂರೆನ್ಸ್ ರೇಟಿಂಗ್ ಬ್ಯೂರೋದ ಜಾಲತಾಣದಲ್ಲಿನ ಉಚಿತ ಹುಡುಕಾಟ. ಫಲಕದ ಮೇಲಿನ ಹೆಸರಿನಲ್ಲಿ ಸಿಗದಿದ್ದರೆ ನೋಂದಾಯಿತ ಹೆಸರಿನಲ್ಲಿ ಹುಡುಕಿ. ‘ಉಡುಪಿ’ ಎಂದು ಬೋರ್ಡ್ ಹಾಕಿದ ಹೋಟೆಲು ಕಾಗದದಲ್ಲಿ ಇನ್ನೇನೋ ಆಗಿರುತ್ತದೆ. ಸರ್ಕಾರದ ಅನುಮತಿ ಪಡೆದು ಸ್ವಂತ ಹಣದಿಂದಲೇ ಪರಿಹಾರ ಕೊಡುವ ದೊಡ್ಡ ಸಂಸ್ಥೆಗಳು ಅಲ್ಲಿ ಕಾಣುವುದಿಲ್ಲ. ನೀವೇ ಅಲ್ಲಿ ನೌಕರರಾಗಿದ್ದರೆ ಇನ್ನೂ ಸುಲಭ: ವಿಮಾ ಕಂಪನಿಯ ಹೆಸರುಳ್ಳ ಸೂಚನಾಪತ್ರವನ್ನು ಕೆಲಸದ ಜಾಗದಲ್ಲಿ ಅಂಟಿಸಿರಲೇಬೇಕು.

ಟೆಕ್ಸಾಸ್‌ಗೆ ಮನೆ ಬದಲಿಸುವವರು ಇದನ್ನೆಲ್ಲ ಮರೆಯಬೇಕು. ಅಲ್ಲಿ ಬಹುತೇಕ ಖಾಸಗಿ ಮಾಲೀಕರಿಗೆ ಈ ವಿಮೆ ಕಡ್ಡಾಯವೇ ಅಲ್ಲ.