ಎಷ್ಟು ಹಿಡಿಯುತ್ತೆ? ಸ್ಲೀವ್ ಆಪರೇಷನ್ ಆದ ಮೇಲೆ ನನ್ನ ಹೊಟ್ಟೆಯ ಲೆಕ್ಕ

ತೂಕ ಇಳಿಸಲೆಂದು ಜಠರವನ್ನು ಕಿರಿದು ಮಾಡುವ ಸ್ಲೀವ್ ಆಪರೇಷನ್ ಆದ ಮರುದಿನ ನರ್ಸ್ ಒಂದು ಪುಟ್ಟ ಪ್ಲಾಸ್ಟಿಕ್ ಲೋಟ ತಂದುಕೊಟ್ಟರು. ಕೆಮ್ಮಿನ ಸಿರಪ್ ಬಾಟಲಿಯ ಮೇಲೆ ಕವುಚಿ ಇಟ್ಟಿರುತ್ತಾರಲ್ಲ, ಅಂಥದ್ದು. ಅದರಲ್ಲಿ 30 ಎಂಎಲ್ ನೀರು. "ನಿಧಾನಕ್ಕೆ ಕುಡೀರಿ, ಹದಿನೈದು ನಿಮಿಷ ತಗೊಳ್ಳಿ" ಎಂದರು. ನನಗೆ ನಗು ಬಂತು. ಬಾಟಲಿ ಎತ್ತಿದರೆ ಅರ್ಧ ಲೀಟರ್ ಖಾಲಿ ಮಾಡಿಯೇ ಕೆಳಗಿಡುತ್ತಿದ್ದ ಆಸಾಮಿ ನಾನು. ಎರಡನೇ ಗುಟುಕಿಗೇ ನಗು ನಿಂತಿತು. ಎದೆಗೂಡಿನ ಕೆಳಗೆ ಯಾರೋ ಹೆಬ್ಬೆರಳು ಒತ್ತಿ ಹಿಡಿದ ಹಾಗಾಯಿತು. ಆ ಲೋಟ ಮುಗಿಸಲು ಇಪ್ಪತ್ತೈದು ನಿಮಿಷ ಬೇಕಾಯಿತು.

ಅವತ್ತಿನಿಂದ ಸುಮಾರು ಒಂದು ವರ್ಷ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ ಸುತ್ತುತ್ತಿತ್ತು: ನನ್ನ ಹೊಟ್ಟೆ ಈಗ ಎಷ್ಟು ಹಿಡಿಯುತ್ತೆ? ಅದು ಕೇಳಬೇಕಾದ ಪ್ರಶ್ನೆಯೇ ಅಲ್ಲ ಅಂತ ತಿಳಿಯುವ ಹೊತ್ತಿಗೆ ಎರಡು ತಿಂಗಳು ತೂಕ ಅಲ್ಲಾಡದೆ ನಿಂತಿತ್ತು.

ಮೊದಲು ನನ್ನ ಲೆಕ್ಕ ಹೇಳಿಬಿಡುತ್ತೇನೆ. ಆಪರೇಷನ್ ಹೊತ್ತಿಗೆ 124 ಕೆಜಿ, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 44ರ ಹತ್ತಿರ. ಲ್ಯಾಪರೊಸ್ಕೋಪಿಯಲ್ಲಿ, ಅಂದರೆ ಹೊಟ್ಟೆಗೆ ಸಣ್ಣ ತೂತು ಹಾಕಿ, ಜಠರದ ನೂರಕ್ಕೆ 75ರಿಂದ 80 ಭಾಗವನ್ನು ಸ್ಟೇಪಲ್ ಹಾಕಿ ಕತ್ತರಿಸಿ ಹೊರಗೆ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ, ಅದೇ ಸ್ಲೀವ್. ಅದು 100ರಿಂದ 150 ಎಂಎಲ್ ಹಿಡಿಯುತ್ತದೆ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಮಾಮೂಲಿ ಜಠರ ಊಟ ಬಿದ್ದಂತೆ ಹಿಗ್ಗಿ ಒಂದು ಲೀಟರ್ ಅಥವಾ ಅದಕ್ಕೂ ಜಾಸ್ತಿ ಹಿಡಿಯಬಲ್ಲದು.

ಇಲ್ಲಿ ಎಂಎಲ್‌ಗಿಂತ ಮುಖ್ಯವಾದ ಒಂದು ವಿಷಯವಿದೆ. ಕತ್ತರಿಸಿ ತೆಗೆಯುವ ಭಾಗದಲ್ಲಿ ಜಠರದ ಮೇಲ್ಗಡೆಯ ಗುಮ್ಮಟವೂ ಸೇರಿದೆ. ಬಲೂನಿನಂತೆ ಹಿಗ್ಗುವುದು ಅದೇ. ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನು ಹೆಚ್ಚಾಗಿ ತಯಾರಾಗುವುದೂ ಅಲ್ಲೇ. ಉಳಿಯುವ ಕೊಳವೆ ಅಷ್ಟು ಸುಲಭಕ್ಕೆ ಹಿಗ್ಗುವುದಿಲ್ಲ. ನಾಲ್ಕು ತುತ್ತಿಗೇ ಗೋಡೆ ಬಿಗಿಯುತ್ತದೆ, ಮಿದುಳಿಗೆ ಸುದ್ದಿ ಹೋಗುತ್ತದೆ. ಮೊದಲ ತಿಂಗಳುಗಳಲ್ಲಿ ನನಗೆ ಹಸಿವೇ ಇರಲಿಲ್ಲ. ಗಡಿಯಾರ ನೋಡಿ ತಿನ್ನುತ್ತಿದ್ದೆ. ಬಾಯಿ ಚಪಲ ಮಾತ್ರ ಎಲ್ಲೂ ಹೋಗಿರಲಿಲ್ಲ. ಅದು ಜಠರದಲ್ಲಿ ಇರುವುದಲ್ಲ, ಅಲ್ವಾ?

ಪಕ್ಕದ ಹಾಸಿಗೆಯಲ್ಲಿದ್ದವರಿಗೂ ಅದೇ ದಿನ ಅದೇ ಆಪರೇಷನ್. ಎರಡನೇ ದಿನ ಅವರು ಮೆಲ್ಲಗೆ ಕೇಳಿದರು: "ನಿಮ್ಮದು ಎಷ್ಟು ಫ್ರೆಂಚ್?" ನಾನು ಭಾಷೆಯ ವಿಷಯ ಅಂದುಕೊಂಡೆ! ಅವರು ಕೇಳಿದ್ದು ಬೂಜಿಯ ಅಳತೆ. (ಆ ಹೆಸರೂ ಹಾಗೇ. ಮೊದಲ ಸಲ ಕೇಳಿದಾಗ ಏನೋ ಬೂಜು ಹಿಡಿದಿದೆ ಅಂದುಕೊಂಡಿದ್ದೆ.) ಕತ್ತರಿಸುವಾಗ ಅಳತೆಗೆ ಇರಲಿ ಅಂತ ಬಾಯಿಯಿಂದ ಜಠರಕ್ಕೆ ಇಳಿಸುವ ಟ್ಯೂಬು ಅದು. ಅವರದು 36, ನನ್ನದು 40. ನನಗೆ ಹೊಟ್ಟೆಕಿಚ್ಚು. ನನಗೆ ದೊಡ್ಡ ಹೊಟ್ಟೆ ಬಿಟ್ಟುಬಿಟ್ಟಿದ್ದಾರೆ, ನನ್ನ ತೂಕ ಕಡಿಮೆ ಇಳಿಯುತ್ತೆ ಅಂತ ರಾತ್ರಿಯೆಲ್ಲ ಕೊರಗು.

ಬೆಳಗ್ಗೆ ರೌಂಡ್ಸಿಗೆ ಬಂದ ಡಾಕ್ಟರ್ ಲೆಕ್ಕ ಬಿಡಿಸಿದರು. 3 ಫ್ರೆಂಚ್ ಅಂದರೆ 1 ಮಿಲಿಮೀಟರ್. ಅವರ ಟ್ಯೂಬಿನ ದಪ್ಪ 12 ಮಿಲಿಮೀಟರ್, ನನ್ನದು 13 ಚಿಲ್ಲರೆ. ಇಷ್ಟಕ್ಕೆ ನಾನು ನಿದ್ದೆ ಕೆಟ್ಟಿದ್ದೆ. ಟ್ಯೂಬಿಗೆ ಎಷ್ಟು ಒತ್ತಿ ಸ್ಟೇಪಲ್ ಹಾಕಿದರು, ಜಠರದಿಂದ ಕರುಳಿಗೆ ಹೋಗುವ ಕೆಳಗಿನ ಬಾಗಿಲಿನಿಂದ ಎಷ್ಟು ದೂರದಲ್ಲಿ ಕತ್ತರಿಸಲು ಶುರು ಮಾಡಿದರು, ಗುಮ್ಮಟ ಪೂರ್ತಿ ಹೋಯಿತೋ ಇಲ್ಲವೋ, ಇವೂ ಲೆಕ್ಕಕ್ಕೆ ಬರುತ್ತವೆ. ತೀರಾ ಬಿಗಿ ಮಾಡಿದರೆ ಸೋರುವ, ಕಟ್ಟಿಕೊಳ್ಳುವ ಅಪಾಯ ಬೇರೆ. ಒಂದು ವರ್ಷ ಕಳೆದ ಮೇಲೆ ನಮ್ಮಿಬ್ಬರಲ್ಲಿ ಜಾಸ್ತಿ ಇಳಿಸಿದ್ದು ನಾನೇ. ಇದರಿಂದ ಏನೂ ಸಾಬೀತಾಗುವುದಿಲ್ಲ ಅಂತ ಗೊತ್ತು, ಆದರೂ ಹೇಳಿಕೊಳ್ಳಲು ಖುಷಿ.

ಮೊದಲ ವಾರಗಳು ನೀರು, ತಿಳಿ ಸೂಪು, ಪ್ರೋಟೀನ್ ಪುಡಿ. ಆಮೇಲೆ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತಗಿನದ್ದು. ಮೂರನೇ ವಾರದಿಂದ ಹನ್ನೊಂದು ದಿನ ತಕ್ಕಡಿಯ ಮುಳ್ಳು ಒಂದೇ ಕಡೆ ನಿಂತಿತ್ತು. ಇದು ತುಂಬಾ ಜನಕ್ಕೆ ಆಗುತ್ತದೆ, ತಾನಾಗಿ ಬಿಡುತ್ತದೆ. ನಾನು ಸುಮ್ನೆ ಅತ್ತದ್ದು.

ಆರನೇ ವಾರದಲ್ಲಿ ಮೊದಲ ಬೇಯಿಸಿದ ಮೊಟ್ಟೆ. ನಾಲ್ಕು ಹೋಳು ಮಾಡಿ ತಟ್ಟೆಯಲ್ಲಿಟ್ಟೆ. ಒಂದೊಂದು ತುತ್ತನ್ನು ಇಪ್ಪತ್ತೈದು ಮೂವತ್ತು ಸಲ ಅಗಿಯಬೇಕು. ಎರಡು ಹೋಳು ಹೋಯಿತು. ಮೂರನೆಯದು ಕೈಯಲ್ಲಿದ್ದಾಗ ಮೂಗು ಸೋರಲು ಶುರುವಾಯಿತು, ಒಂದು ಬಿಕ್ಕಳಿಕೆ ಬಂತು. ನೆಗಡಿ ಇರಬೇಕು ಅಂತ ಆ ತುತ್ತನ್ನೂ ನುಂಗಿದೆ. ಆಮೇಲಿನ ಅರ್ಧ ಗಂಟೆ ಸಿಂಕಿನ ಮುಂದೆ. ಬಾಯಿ ತುಂಬ ನೊರೆ ನೊರೆ ಜೊಲ್ಲು, ಎದೆಯಲ್ಲಿ ಕಲ್ಲು. ಆ ಮೂಗು, ಆ ಬಿಕ್ಕಳಿಕೆಯೇ ನನ್ನ ಹೊಸ "ಸಾಕು" ಅನ್ನುವ ಮಾತು ಅಂತ ಅವತ್ತು ಗೊತ್ತಾಯಿತು. ಹಳೇ ಹೊಟ್ಟೆ ಸಾಕು ಅಂದಮೇಲೂ ನಾಲ್ಕು ತುತ್ತಿಗೆ ಜಾಗ ಮಾಡಿಕೊಡುತ್ತಿತ್ತು. ಇದು ಅರ್ಧ ತುತ್ತಿಗೂ ಕೊಡುವುದಿಲ್ಲ. ಇಂಥ ವಾಂತಿ ದಿನಾ ಆಗುತ್ತಿದ್ದರೆ ಮಾತ್ರ ಸಹಿಸಿಕೊಂಡು ಕೂರಬೇಡಿ, ಡಾಕ್ಟರ ಹತ್ತಿರ ಓಡಿ. ಬಿ1 ವಿಟಮಿನ್ ಕಡಿಮೆಯಾಗಿ ನರಗಳಿಗೆ ಪೆಟ್ಟು ಬೀಳಬಹುದು.

ನಾಲ್ಕನೇ ತಿಂಗಳಲ್ಲಿ ಕೂದಲು ಉದುರಿತು, ಆಮೇಲೆ ಬಂತು. ವಿಟಮಿನ್ ಮಾತ್ರೆ ದಿನಾ ಇದೆ, ಜೀವನಪೂರ್ತಿ.

ಆರನೇ ತಿಂಗಳಿಗೆ 96 ಕೆಜಿ. ಆಗ ಹೊಸ ಭಯ ಶುರುವಾಯಿತು. ಮೊಟ್ಟೆ ಪೂರ್ತಿ ಒಂದು ಹೋಗತೊಡಗಿತ್ತು. ಹೊಟ್ಟೆ ಹಿಗ್ಗಿಬಿಟ್ಟಿತು ಅಂತ ಎದೆ ಧಸಕ್ಕೆಂದಿತು. ನಿಜ ಏನೆಂದರೆ ಮೊದಲ ವಾರಗಳ ಬಿಗಿ ಬರೀ ಅಳತೆಯದ್ದಲ್ಲ, ಕತ್ತರಿಸಿದ ಜಾಗದ ಬಾವೂ ಅದರಲ್ಲಿ ಸೇರಿರುತ್ತದೆ. ಬಾವು ಇಳಿದಂತೆ ಜಾಗ ಆಗುತ್ತದೆ. ಆದರೆ ನಾನು ಕೇಳುವ ಸ್ಥಿತಿಯಲ್ಲಿರಲಿಲ್ಲ. ಅಡುಗೆಮನೆಯ ತಕ್ಕಡಿ ತಂದೆ, ನೋಟ್‌ಬುಕ್ ಇಟ್ಟೆ. ಪ್ರತಿ ಊಟಕ್ಕೂ ಗ್ರಾಂ ಲೆಕ್ಕ.

ಆ ನೋಟ್‌ಬುಕ್ಕೇ ನನ್ನ ಕಣ್ಣು ತೆರೆಸಬೇಕಿತ್ತು. ಒಂದು ಮಧ್ಯಾಹ್ನ 80 ಗ್ರಾಂ ಕೋಳಿಮಾಂಸಕ್ಕೆ ಹೊಟ್ಟೆ ಕೈ ಎತ್ತಿದೆ. ಅದೇ ಸಂಜೆ 200 ಗ್ರಾಂ ಮೊಸರು ಹತ್ತು ನಿಮಿಷದಲ್ಲಿ ಸಲೀಸಾಗಿ ಇಳಿದಿದೆ. ಒಂದೇ ಹೊಟ್ಟೆ, ಒಂದೇ ದಿನ. ಎರಡೂ ಅಂಕಿ ನನ್ನದೇ ಕೈಬರಹದಲ್ಲಿವೆ. ಹಾಗಾದರೆ ಹೊಟ್ಟೆ ಹಿಡಿಯುವುದು ಎಷ್ಟು, 80 ಅಥವಾ 200?

ಉತ್ತರ ಜಠರದ ಕೆಳಗಿನ ಬಾಗಿಲಲ್ಲಿದೆ. ಸ್ಲೀವ್‌ನಲ್ಲಿ ಆ ಬಾಗಿಲನ್ನು ಮುಟ್ಟುವುದಿಲ್ಲ. ಗಟ್ಟಿ ಆಹಾರ ಒಂದೆರಡು ಮಿಲಿಮೀಟರ್ ಚೂರಾಗುವವರೆಗೆ ಅದು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಅಷ್ಟು ಹೊತ್ತು ಆಹಾರ ಕೊಳವೆಯಲ್ಲೇ ನಿಂತು ಗೋಡೆಯನ್ನು ಒತ್ತುತ್ತಿರುತ್ತದೆ. ನೀರಾಗಿರುವುದು, ಬಾಯಲ್ಲೇ ಕರಗುವುದು ನಿಲ್ಲುವುದೇ ಇಲ್ಲ, ಇಳಿದುಹೋಗುತ್ತದೆ. ಅದರ ಮೇಲೆ ಸ್ಲೀವ್ ಆದ ಜಠರ ಮೊದಲಿಗಿಂತ ಬೇಗ ಖಾಲಿಯಾಗುತ್ತದೆ. ಅಂದರೆ ನನ್ನ ಪುಟ್ಟ ಹೊಟ್ಟೆ ಪುಟ್ಟದಾಗಿರುವುದು ಗಟ್ಟಿ ಊಟಕ್ಕೆ ಮಾತ್ರ. ಮೆತ್ತಗಿನದ್ದಕ್ಕೆ ಅದು ಡಬ್ಬಿಯಲ್ಲ, ಬರೀ ದಾರಿ.

ಇದನ್ನು ಅರ್ಥ ಮಾಡಿಸಿದ್ದು ಐಸ್‌ಕ್ರೀಮ್. ಒಂಬತ್ತನೇ ತಿಂಗಳಿಗೆ 91. ಅಲ್ಲಿಂದ ಎರಡು ತಿಂಗಳು ಒಂದು ಗ್ರಾಂ ಕೂಡ ಇಳಿಯಲಿಲ್ಲ. ಊಟ ನೋಡಿದರೆ ಅದೇ ಅಂಗೈಯಷ್ಟು. ಹೊಟ್ಟೆ ಹಿಗ್ಗಿದೆ, ಪರೀಕ್ಷೆ ಮಾಡಿ ಅಂತ ಡಾಕ್ಟರ ಹತ್ತಿರ ಹಠ ಹಿಡಿದೆ. ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆದರು. ಸೀಮೆಸುಣ್ಣ ಕಲಸಿದ ಹಾಗಿರುತ್ತೆ ಆ ಬಿಳಿ ದ್ರವ. ಪರದೆಯ ಮೇಲೆ ನನ್ನ ಹೊಟ್ಟೆ ಕಾಣಿಸಿತು. ತೆಳ್ಳಗೆ ಒಂದು ಬಾಳೆಹಣ್ಣು, ಬುಡದಲ್ಲಿ ಸ್ವಲ್ಪ ದಪ್ಪ. ಬೇರಿಯಂ ಅದರೊಳಗೆ ನಿಲ್ಲದೆ ನೆಟ್ಟಗೆ ಇಳಿದು ಕರುಳಿಗೆ ಸೇರಿದ್ದನ್ನು ನಾನೇ ನೋಡಿದೆ.

ಡಾಕ್ಟರ್ ಪರದೆಯಿಂದ ಕಣ್ಣು ತೆಗೆಯದೆ ಕೇಳಿದರು: "ರಾತ್ರಿ ಊಟ ಆದ ಮೇಲೆ ಏನು ತಿಂತೀರಾ?"

"ಏನಿಲ್ಲ. ಎರಡು ಚಮಚ ಐಸ್‌ಕ್ರೀಮ್."

"ಎರಡೇನಾ?"

ಎರಡಲ್ಲ. ಟಿವಿ ನೋಡುತ್ತಾ ಒಂದು ಕಪ್ಪು. ಹೊಟ್ಟೆ ತುಂಬಿದ ಹಾಗೆ ಆಗುತ್ತಲೇ ಇರಲಿಲ್ಲ, ಹಾಗಾಗಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಲೂ ಇರಲಿಲ್ಲ. "ನೋಡಿ, ನಿಮ್ಮ ಹೊಟ್ಟೆ ಹಿಗ್ಗಿಲ್ಲ. ತಿನ್ನೋದು ಕರಗಿಹೋಗ್ತಿದೆ ಅಷ್ಟೆ" ಎಂದರು. ಬಿಸ್ಕತ್ತು, ಚಿಪ್ಸ್ ಕೂಡ ಇದೇ ಜಾತಿ. ಗರಿಗರಿ ಇದ್ದರೂ ಜೊಲ್ಲಿಗೆ ಸಿಕ್ಕರೆ ಹಿಟ್ಟಾಗಿ ಜಾರಿಬಿಡುತ್ತವೆ. ಒಂದು ದಿನ ಜಾಸ್ತಿ ತಿಂದರೆ ಹೊಟ್ಟೆ ಹಿಗ್ಗಿಬಿಡುವುದಿಲ್ಲ ಅಂತಲೂ ಅವರೇ ಹೇಳಿದರು. ವರ್ಷಗಳು ಹೋದಂತೆ ಹೆಚ್ಚಿನವರ ಸ್ಲೀವ್ ಸ್ವಲ್ಪ ಅಗಲವಾಗುತ್ತದೆ. ಗುಮ್ಮಟ ಉಳಿದುಹೋಗಿ ಅದು ದೊಡ್ಡದಾದರೆ ಮತ್ತೆ ಆಪರೇಷನ್ ಮಾಡುವುದೂ ಇದೆ. ನನ್ನದು ಆ ಕೇಸಲ್ಲ. ನನ್ನದು ಫ್ರಿಜ್ಜಿನ ಕೇಸು.

ಮನೆಗೆ ಬಂದು ನೋಟ್‌ಬುಕ್ಕಿನ ಗ್ರಾಂ ಕಾಲಂ ಹೊಡೆದುಹಾಕಿದೆ. ತುತ್ತಿನ ಸರದಿ ಬದಲಾಯಿಸಿದೆ. ಮೊದಲು ಗಟ್ಟಿ ಪ್ರೋಟೀನ್: ಮೊಟ್ಟೆ, ಮೀನು, ಮಾಂಸ, ಬೇಯಿಸಿದ ಕಾಳು. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಆಗಬೇಕು. ಜಾಗ ಉಳಿದರೆ ತರಕಾರಿ. ಅದಾದ ಮೇಲೂ ಉಳಿದರೆ ಅನ್ನವೋ ಬ್ರೆಡ್ಡೋ, ಹೆಚ್ಚಾಗಿ ಉಳಿಯುವುದಿಲ್ಲ. ಊಟದ ಜೊತೆ ನೀರಿಲ್ಲ, ಊಟವಾಗಿ ಅರ್ಧ ಗಂಟೆ ಕಳೆಯಬೇಕು. ನನಗೆ ಅತಿ ಕಷ್ಟವಾದದ್ದು ಈ ನೀರಿನದೇ. ಗಂಟಲು ಒಣಗಿದರೂ ಲೋಟ ದೂರ ಇಡಬೇಕು. ಆದರೆ ನಡುವೆ ನೀರು ಕುಡಿದ ದಿನ ಎರಡು ಗಂಟೆಗೆಲ್ಲ ಮತ್ತೆ ಏನಾದರೂ ಬೇಕು ಅನ್ನಿಸುತ್ತಿತ್ತು, ಕುಡಿಯದ ದಿನ ನಾಲ್ಕು ಗಂಟೆ ಸುದ್ದಿಯಿಲ್ಲ. ಮುಳ್ಳು ಮತ್ತೆ ಅಲ್ಲಾಡಿತು. ಹದಿನೇಳನೇ ತಿಂಗಳಿಗೆ 87.

ಸಣ್ಣ ಹೊಟ್ಟೆಗೆ ಇನ್ನೊಂದು ಮುಖವೂ ಇದೆ. ಕಿರಿದಾದ ಕೊಳವೆ, ಕೆಳಗೆ ಬಿಗಿ ಬಾಗಿಲು. ಒಳಗೆ ಒತ್ತಡ ಜಾಸ್ತಿ, ಹಾಗಾಗಿ ಹುಳಿ ಮೇಲಕ್ಕೆ ಬರುತ್ತದೆ. ಮೊದಲಿರದ ಎದೆಯುರಿ ನನಗೆ ಈಗಿದೆ. ದಿನಾ ಒಂದು ಮಾತ್ರೆ, ತಲೆದಿಂಬು ಎತ್ತರ, ಮಲಗುವ ಮೂರು ಗಂಟೆ ಮೊದಲೇ ಊಟ. ಇನ್ನೂ ಸಣ್ಣ ಹೊಟ್ಟೆ ಸಿಕ್ಕಿದ್ದರೆ ಅಂತ ಒಂದು ಕಾಲದಲ್ಲಿ ಕೊರಗಿದ್ದೆನಲ್ಲ, ಆ ಮಾತು ಈಗ ಎತ್ತುವುದಿಲ್ಲ.

ಈಗ ಮೂರು ವರ್ಷವಾಗಿದೆ. 90 ಕೆಜಿಯಲ್ಲಿದ್ದೇನೆ, ಅಂದರೆ ಮೂರು ಕೆಜಿ ವಾಪಸ್ ಬಂದಿದೆ. ಹಸಿವೂ ಪೂರ್ತಿಯಲ್ಲದಿದ್ದರೂ ವಾಪಸ್ ಬಂದಿದೆ. ಬೆಳಗ್ಗೆ ಎರಡು ಮೊಟ್ಟೆ ಬೇಯಿಸುತ್ತೇನೆ. ಒಂದು ಪೂರ್ತಿ ಹೋಗುತ್ತದೆ, ಎರಡನೆಯದರಲ್ಲಿ ಅರ್ಧಕ್ಕೆ ಮೂಗು ಸೋರುತ್ತದೆ. ಉಳಿದರ್ಧವನ್ನು ತಟ್ಟೆಯ ಅಂಚಿಗೆ ತಳ್ಳುತ್ತೇನೆ. ಮಗಳು ಶೂ ಹಾಕಿಕೊಳ್ಳುತ್ತಲೇ ಬಂದು, ಕೇಳದೆಯೇ ಅದನ್ನು ಎತ್ತಿ ಬಾಯಿಗೆ ಹಾಕಿಕೊಂಡು ಹೋಗುತ್ತಾಳೆ.