ಕೇಬಲ್‌ನ ನಡುವೆ ಆರು ಪಿನ್ ಇರಲಿಲ್ಲ

ಹಳೆಯ 30 ಇಂಚಿನ ಮಾನಿಟರ್ ಒಂದನ್ನು ಸೆಕೆಂಡ್‌ಹ್ಯಾಂಡ್‌ನಲ್ಲಿ ತಂದೆ. ಅದರ ಅಸಲಿ ರೆಸಲ್ಯೂಶನ್ 2560×1600. ಆದರೆ ನನ್ನ ಡೆಸ್ಕ್‌ಟಾಪ್‌ಗೆ ಜೋಡಿಸಿದಾಗ 1280×800 ದಾಟಲೇ ಇಲ್ಲ. ಅಕ್ಷರಗಳೆಲ್ಲ ದಪ್ಪ ದಪ್ಪ, ಓದಲು ಬೇಸರ. ಗ್ರಾಫಿಕ್ಸ್ ಡ್ರೈವರ್ ತೆಗೆದು ಮತ್ತೆ ಹಾಕಿದೆ, ಸೆಟ್ಟಿಂಗ್ಸ್ ಪೂರ್ತಿ ಜಾಲಾಡಿದೆ. ಎರಡು ಸಂಜೆ ಸುಮ್ನೆ ಹೋದವು.

ಕೊನೆಗೆ ಕಂಪ್ಯೂಟರ್‌ನಿಂದ ಮಾನಿಟರ್‌ಗೆ ಚಿತ್ರ ಒಯ್ಯುವ ಡಿವಿಐ ಕೇಬಲ್ ಬಿಚ್ಚಿ ತುದಿ ನೋಡಿದೆ. ಒಂಬತ್ತೊಂಬತ್ತು ಪಿನ್‌ಗಳ ಎರಡು ಗುಂಪು, ನಡುವೆ ಖಾಲಿ! ಅದು ಸಿಂಗಲ್ ಲಿಂಕ್ ಕೇಬಲ್, ಅಂದರೆ ಚಿತ್ರದ ಡೇಟಾ ಹೋಗಲು ಒಂದೇ ಲಿಂಕ್. ಡ್ಯುಯಲ್ ಲಿಂಕ್ ಆದರೆ ನಡುವಿನ ಆರೂ ಸೇರಿ 24 ಪಿನ್ ಇರುತ್ತವೆ. ಆ ಆರು ಪಿನ್‌ಗಳೇ ಇನ್ನೂ ಮೂರು ಜೋಡಿ ಡೇಟಾ ತಂತಿಗಳ ದಾರಿ.

1999ರಲ್ಲಿ ಬಂದ ಡಿವಿಐನಲ್ಲಿ ಒಂದು ಲಿಂಕ್‌ಗೆ 165 ಮೆಗಾಹರ್ಟ್ಜ್ ಮಿತಿ, ಅಂದರೆ ಸೆಕೆಂಡಿಗೆ ಸುಮಾರು 16.5 ಕೋಟಿ ಪಿಕ್ಸೆಲ್ (ಚಿತ್ರದ ಚುಕ್ಕಿ). 60 ಹರ್ಟ್ಜ್‌ನಲ್ಲಿ, ಅಂದರೆ ಸೆಕೆಂಡಿಗೆ 60 ಸಲ ಚಿತ್ರ ಬದಲಾಗುವಾಗ, 1920×1200 ಅಷ್ಟರಲ್ಲಿ ಹಿಡಿಸುತ್ತದೆ. 2560×1600ಕ್ಕೆ ಸುಮಾರು 268 ಮೆಗಾಹರ್ಟ್ಜ್ ಬೇಕು. ಮತ್ತೆ ಡ್ರೈವರ್ ಏನು ಮಾಡೀತು, ಅಲ್ವಾ? ಡ್ಯುಯಲ್ ಲಿಂಕ್ ಕೇಬಲ್ ಹಾಕಿದ ತಕ್ಷಣ ಪೂರ್ತಿ ರೆಸಲ್ಯೂಶನ್ ಬಂತು. ಅಕ್ಷರಗಳು ಅಚ್ಚು ಹಾಕಿದ ಹಾಗೆ ಕಂಡಾಗ ತುಂಬಾ ಖುಷಿಯಾಯಿತು.

ಲ್ಯಾಪ್‌ಟಾಪ್‌ನದು ಬೇರೆ ಕಥೆ. ಎಚ್‌ಡಿಎಂಐನಿಂದ ಡಿವಿಐಗೆ ಹೋಗುವ ಸಾದಾ ಅಡಾಪ್ಟರ್ ಕೂಡ ಒಂದೇ ಲಿಂಕ್‌ನದು. ಕೇಬಲ್ ಎಷ್ಟೇ ಒಳ್ಳೆಯದಿರಲಿ, ಅದೇ ತೊಂದರೆ. ಅಲ್ಲಿ ಡಿಸ್‌ಪ್ಲೇಪೋರ್ಟ್‌ನಿಂದ ಡ್ಯುಯಲ್ ಲಿಂಕ್ ಡಿವಿಐಗೆ ಬದಲಿಸುವ ಆಕ್ಟಿವ್ ಅಡಾಪ್ಟರ್ (ಸಿಗ್ನಲ್ ಬದಲಿಸುವ ಚಿಪ್ ಒಳಗೇ ಇರುವಂಥದ್ದು) ತಂದೆ. ಬೆಲೆ ಜಾಸ್ತಿ, ಆದರೆ ಕೆಲಸ ಆಯಿತು. ನಾನು ತಂದದ್ದಕ್ಕೆ ಯುಎಸ್‌ಬಿಯಿಂದ ಕರೆಂಟ್ ಬೇಕು. ನಿಮ್ಮದರಲ್ಲೂ ಆ ವೈರ್ ಇದ್ದರೆ ಮೊದಲು ಸಿಕ್ಕಿಸಿ ನೋಡಿ.