ಗಂಟಲು ತುರಿಸದ ಪತ್ರೊಡೆ: ಐದು ಚೌತಿ ಹಿಡಿದ ಕೆಲಸ

ಚೌತಿಯ ಊಟ ಮುಗಿದ ಮೇಲೆ ಎಲೆಯಲ್ಲಿ ಏನು ಉಳಿದಿರುತ್ತದೆ ಎಂಬುದು ಎಲೆ ಎತ್ತುವವರಿಗೇ ಗೊತ್ತು. ನಮ್ಮ ಮನೆಯಲ್ಲಿ ಉಳಿಯುತ್ತಿದ್ದದ್ದು ಪತ್ರೊಡೆ, ಅಂದರೆ ಕೆಸುವಿನ ಎಲೆಗೆ ರುಬ್ಬಿದ ಅಕ್ಕಿಹಿಟ್ಟು ಸವರಿ, ಸುರುಳಿ ಸುತ್ತಿ ಹಬೆಯಲ್ಲಿ ಬೇಯಿಸಿದ ತಿಂಡಿ. ಹಿರಿಯರು ಕೇಳಿ ಹಾಕಿಸಿಕೊಳ್ಳುತ್ತಿದ್ದರು. ಮಕ್ಕಳು ಮೇಲಿನ ಒಗ್ಗರಣೆಯ ಕಾಯಿತುರಿಯನ್ನಷ್ಟೇ ಹೆಕ್ಕಿ ತಿಂದು, ತುಂಡನ್ನು ಬಾಳೆಲೆಯ ಮಡಿಕೆಯೊಳಗೆ ಅಡಗಿಸಿ ಏಳುತ್ತಿದ್ದರು. ಮೈಸೂರಿನಿಂದ ಬಂದ ಸೊಸೆ ಮೊದಲ ಚೌತಿಯಲ್ಲಿ ಮರ್ಯಾದೆಗೆಂದು ಒಂದು ತುಂಡು ತಿಂದಳು. ಪಾಯಸ ಬರುವ ಹೊತ್ತಿಗೆ ಗಂಟಲು ಹಿಡಿದುಕೊಂಡು ಬಚ್ಚಲಿಗೆ ಓಡಿದಳು. ಮರುವರ್ಷ ಚೌತಿಗೆ ಅವಳಿಗೆ ರಜೆಯೇ ಸಿಗಲಿಲ್ಲ.

ಮನೆಯದ್ದಾದರೆ ನುಂಗಿಕೊಳ್ಳಬಹುದಿತ್ತು. ನಾನು ಕಾರ್ಕಳದಲ್ಲಿ ಹಬ್ಬದ ಅಡುಗೆಯನ್ನು ಆರ್ಡರ್ ಹಿಡಿದು ಮಾಡಿಕೊಡುವವಳು. 2019ರ ಚೌತಿಗೆ ಸುಮಾರು ನಲವತ್ತೈದು ಸುರುಳಿ ಪತ್ರೊಡೆ ಕೊಟ್ಟೆ, ಸುರುಳಿಗೆ 110 ರೂಪಾಯಿ. ಸಂಜೆಯಿಂದಲೇ ಫೋನ್ ಬರತೊಡಗಿತು. ಹದಿನೈದಕ್ಕೂ ಹೆಚ್ಚು ಮನೆಗಳಲ್ಲಿ ತುರಿಕೆ. ಹಬ್ಬದ ಮರುದಿನ ಸ್ಕೂಟರಿನಲ್ಲಿ ಮನೆಮನೆಗೆ ಹೋಗಿ ಹಣ ಹಿಂದಿರುಗಿಸಿದೆ. ಎರಡು ಸಾವಿರದ ಮೇಲೆ ಹೋಯಿತು. ಒಬ್ಬ ಅಜ್ಜಿ ಮಾತ್ರ ಹಣ ಬೇಡವೆಂದರು. ಅವರು ಹೇಳಿದ ಮಾತು ಅದಕ್ಕಿಂತ ದುಬಾರಿಯಾಗಿತ್ತು, ಇಲ್ಲಿ ಬರೆಯುವುದಿಲ್ಲ.

ಸಲಹೆಗೆ ಬರವಿರಲಿಲ್ಲ. ಅತ್ತೆಯಿಂದ ಹಿಡಿದು ಸಂತೆಯಲ್ಲಿ ಎಲೆ ಮಾರುವವಳವರೆಗೆ ಎಲ್ಲರದ್ದೂ ಒಂದೇ ಮಂತ್ರ: ಹುಣಸೆ ಇನ್ನಷ್ಟು ಹಾಕು. ಹಾಕಿದೆ. ಒಂದು ಕಿಲೋ ಬೆಳ್ತಿಗೆ ಅಕ್ಕಿಗೆ ನೂರೈವತ್ತು ಗ್ರಾಂವರೆಗೂ ಹೋದೆ. ತುರಿಕೆಯ ಜೊತೆಗೆ ಹಲ್ಲೂ ಚುಳ್ಳೆನ್ನತೊಡಗಿತು. ಮರದ ಮೇಲೆ ಬೆಳೆಯುವ ಮರಕೆಸು ಬಳಸು ಎಂದರು ಇನ್ನು ಕೆಲವರು. ಮಾತು ಸರಿ, ಮರಕೆಸು ಅಷ್ಟು ತುರಿಸುವುದಿಲ್ಲ. ಆದರೆ ಅದು ಆಟಿಯ, ಅಂದರೆ ಚೌತಿಗೆ ಮುಂಚಿನ ಮಳೆಗಾಲದ ತಿಂಗಳ ಸರಕು. ಚೌತಿ ಬರುವ ಹೊತ್ತಿಗೆ ಸಿಕ್ಕಿದರೆ ಪುಣ್ಯ, ಸಿಕ್ಕಿದರೂ ಹತ್ತು ಹನ್ನೆರಡು ಎಲೆಯ ಕಟ್ಟಿಗೆ ಅರುವತ್ತು ಎಪ್ಪತ್ತು ರೂಪಾಯಿ. ಆ ಎಲೆಯಲ್ಲಿ ಸುತ್ತಿದರೆ ನನಗೆ ಉಳಿಯುವುದು ಬರೀ ದಾರ.

ಆಮೇಲೆ ನನ್ನದೇ ಹುಚ್ಚಾಟಗಳು. ಅಡುಗೆ ಸೋಡಾ ಹಾಕಿ ನೋಡಿದೆ, ಎಲೆ ಲೋಳೆಯಾಗಿ ಸುರುಳಿ ಬಿಚ್ಚಿಕೊಂಡಿತು. ಹುಣಸೆಯ ಬದಲು ಪುನರ್ಪುಳಿಯಲ್ಲಿ (ಕೋಕಂ) ರುಬ್ಬಿದೆ, ಬಣ್ಣ ಮಾಸಿ ನೋಡಿದರೇ ಹಸಿವು ಹೋಗುವಂತಾಯಿತು. ಹಿಟ್ಟನ್ನು ನಾಯಿಯೂ ಮೂಸಲಿಲ್ಲ. ಕುಕ್ಕರಿನಲ್ಲಿ ನಾಲ್ಕು ಸೀಟಿ ಕೂಗಿಸಿದೆ, ಹೊರಗಿನ ಎಲೆ ಗಂಜಿ, ಒಳಗೆ ಹಾಗೆಯೇ. ಆ ಹಾಳಾದ ಸುರುಳಿಯೇ ಮುಂದೆ ದಾರಿ ತೋರಿಸಿತು ಎನ್ನಬೇಕು. ನಡುವೆ ಬಸಳೆ ಎಲೆಯಲ್ಲಿಯೂ ಸುತ್ತಿ ನೋಡಿದ್ದೆ. ಚೆನ್ನಾಗಿಯೇ ಬಂತು, ತುರಿಕೆಯ ಸುದ್ದಿಯೇ ಇಲ್ಲ. ಆದರೆ ಅದನ್ನು ಪತ್ರೊಡೆ ಎಂದು ಚೌತಿಯ ದಿನ ಮಾರುವಷ್ಟು ಧೈರ್ಯ ನನಗಿಲ್ಲ.

ಮೂರನೆಯ ವರ್ಷ ಒಂದು ದಿನ ಸುರುಳಿಯನ್ನು ಅಡ್ಡಕ್ಕೆ ಕೊಯ್ದು, ತುಂಡಿನ ಹೊರಸುತ್ತನ್ನು ಮಾತ್ರ ಬಿಡಿಸಿ ತಿಂದೆ. ಹತ್ತು ನಿಮಿಷ ಕಾದೆ. ಏನೂ ಇಲ್ಲ. ನಡುವಿನ ತಿರುಳನ್ನು ತಿಂದೆ. ಐದೇ ನಿಮಿಷಕ್ಕೆ ನಾಲಿಗೆಯ ಬುಡದಲ್ಲಿ ಸೂಜಿ ಚುಚ್ಚಿದಂತೆ ಶುರುವಾಯಿತು. ಬೆಳಕಿಗೆ ಹಿಡಿದು ನೋಡಿದರೆ ಹೊರಗಿನ ಎಲೆ ಕಂದು ಹಸಿರು, ನಡುವಿನದ್ದು ಇನ್ನೂ ಎಳೆ ಹಸಿರು. ಒಂದೇ ಗಿಡದ ಎಲೆ, ಒಂದೇ ಹಿಟ್ಟು, ಒಂದೇ ಹುಳಿ! ನಾವೆಲ್ಲ ಹುಣಸೆಯನ್ನು ದೂರುತ್ತಾ ಕುಳಿತಿದ್ದೆವು, ಹಬೆ ನಡುವಿನವರೆಗೆ ಹೋಗಿಯೇ ಇರಲಿಲ್ಲ.

ಅಂದಿನಿಂದ ಎಂಟು ಎಲೆ ಪೇರಿಸುವುದನ್ನು ಬಿಟ್ಟೆ. ನಾಲ್ಕೇ ಎಲೆ, ಸುರುಳಿ ಮಣಿಕಟ್ಟಿಗಿಂತ ದಪ್ಪವಾಗಬಾರದು. ಎಲೆಯನ್ನು ಹಿಂದಿನ ಸಂಜೆಯೇ ಕೊಯ್ದು ಬಾಡಿಸಿ, ಬೆನ್ನಿನ ನಾರನ್ನು ಕತ್ತಿಯಲ್ಲಿ ಹೆರೆದು ತೆಗೆಯುತ್ತೇನೆ. ಇದು ಎಲ್ಲರಿಗೂ ಗೊತ್ತಿರುವುದೇ. ಮುಖ್ಯವಾದದ್ದು ಎರಡನೆಯ ಹಬೆ. ಹಬೆಯಲ್ಲಿ ಬೇಯಿಸುವ ಪಾತ್ರೆಯಾದ ತೊಂದೂರಿನಲ್ಲಿ ಮುಕ್ಕಾಲು ಗಂಟೆ ಬೇಯಿಸಿ ಇಳಿಸಿ, ಪೂರ್ತಿ ತಣಿಸಿ, ಬೆರಳಗಲಕ್ಕೆ ಕೊಯ್ದು, ಆ ತುಂಡುಗಳನ್ನೇ ಮಲಗಿಸಿ ಮತ್ತೆ ಅರ್ಧ ಗಂಟೆ ಹಬೆಯಲ್ಲಿಡುತ್ತೇನೆ. ಈಗ ನಡುವಿನ ತಿರುಳೂ ಬಯಲಿಗೆ ಬಿದ್ದಿರುತ್ತದೆ, ಹಬೆಗೆ ತಪ್ಪಿಸಿಕೊಳ್ಳಲು ಜಾಗವಿಲ್ಲ.

ತುಂಡು ಪುಡಿಯಾಗುತ್ತದೆ ಎಂದರು ನನಗಿಂತ ಮೊದಲಿನಿಂದ ಅಡುಗೆ ಮಾಡುವವರೆಲ್ಲ. ಬಿಸಿ ಇರುವಾಗ ಕೊಯ್ದರೆ ಆಗುತ್ತದೆ, ನಿಜ. ಮೊದಲ ಸಲ ಒಂದು ಪಾತ್ರೆ ತುಂಬ ಉಪ್ಪಿಟ್ಟಿನಂತೆ ಆಗಿ, ಅದಕ್ಕೆ ಒಗ್ಗರಣೆ ಕೊಟ್ಟು ಮನೆಯವರಿಗೆ ಎರಡು ದಿನ ತಿನ್ನಿಸಿದೆ. ಮೂರು ಗಂಟೆ ತಣಿದರೆ ಒಂದು ತುಂಡೂ ಬಿಚ್ಚುವುದಿಲ್ಲ.

ಇನ್ನೊಂದು ತಕರಾರು ಮಡಿಯದ್ದು. ಮತ್ತೆ ಬಿಸಿ ಮಾಡಿದ್ದು ತಂಗಳು, ನೈವೇದ್ಯಕ್ಕೆ ಆಗದು ಎಂದರು. ಮೊದಲ ಹಬೆಗೆ ಅಡುಗೆ ಮುಗಿದಿರುವುದೇ ಇಲ್ಲ, ಮುಗಿಯದ ಅಡುಗೆ ತಂಗಳಾಗುವುದು ಹೇಗೆ ಎಂದು ನಾನು ವಾದಿಸಿದೆ. ಆದರೂ ಯಾರ ಬಾಯಿಗೂ ಸಿಗಬಾರದೆಂದು ಈಗ ಚೌತಿಯ ದಿನ ನಸುಕಿನ ಎರಡು ಗಂಟೆಗೆ ಎದ್ದು ಮಿಂದು ಒಲೆ ಹಚ್ಚುತ್ತೇನೆ. ಏಳರೊಳಗೆ ತಣಿಯುತ್ತದೆ, ಒಂಬತ್ತರೊಳಗೆ ಎರಡನೆಯ ಹಬೆಯೂ ಮುಗಿಯುತ್ತದೆ, ಹನ್ನೊಂದಕ್ಕೆ ಎಲ್ಲರ ಮನೆ ತಲುಪುತ್ತದೆ.

ಹುಣಸೆಯನ್ನು ಕಿಲೋ ಅಕ್ಕಿಗೆ ನೂರು ಗ್ರಾಂಗೆ ಇಳಿಸಿದ್ದೇನೆ. ಅದರ ಜೊತೆ ಇನ್ನೊಂದು ಹುಳಿ ಬೀಳುತ್ತದೆ. ಯಾವುದೆಂದು ಹೇಳಲಾರೆ, ನಿಮ್ಮ ಹಿತ್ತಲಲ್ಲಿಯೇ ಇದ್ದರೂ ಇರಬಹುದು. ಎಲೆ ಯಾರ ತೋಟದ್ದು ಎಂದೂ ಕೇಳಬೇಡಿ.

ಗ್ಯಾಸಿನ ಖರ್ಚು ಸುರುಳಿಗೆ ಆರೇಳು ರೂಪಾಯಿ ಏರಿತು, ನಿದ್ದೆಯ ಲೆಕ್ಕ ಬೇರೆ. ಸುರುಳಿ ಸಣ್ಣದಾಗಿದ್ದರೂ ಬೆಲೆಯನ್ನು 140 ಮಾಡಿದೆ. ಗೊಣಗಿದರು, ಕೊಂಡರು. ಹಣ ಬೇಡವೆಂದ ಆ ಅಜ್ಜಿಯ ಮನೆಯಿಂದ ಕಳೆದ ಚೌತಿಗೆ ಆರು ಸುರುಳಿಯ ಆರ್ಡರ್ ಬಂತು. ನಾಲ್ಕೇ ಕೊಟ್ಟೆ, ಉಳಿದಿರಲಿಲ್ಲ ಎಂದೆ. ಉಳಿದಿತ್ತು. ಸೊಸೆ ಆ ಸಲ ಬಂದಿದ್ದಳು, ಅವಳಿಗೆ ಕಟ್ಟಿಕೊಡಬೇಕಿತ್ತು.